ಸಾಹುಕಾರರು ಹೇಳಿದಂಗೆ ಕೋಡ್ ಬರೆದುಕೊಟ್ಟರೆ ಅದೇ ಪ್ರೊಫೆಷನಲಿಸಮ್ಮಾ?

ಗಂಜಿನ ಕೋಡುಗಾರ:
ಎಲ್ಲರಿಗೂ ನಮಸ್ಕಾರ. ಕಲಬುರಗಿ ನೆಹರೂ ಗಂಜ್ ಮಾರ್ಕೆಟ್‌ನ ಏಳು ಅಡತಿ (ದಲ್ಲಾಳಿ) ಅಂಗಡಿಗಳಿಗೆ ನಮ್ಮದೇ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ. ಕಂಪನಿ ಅಂದರೆ ನಾವು ಮೂರು ಜನ, ಸೇಡಂ ರಸ್ತೆಯಲ್ಲಿ ಮಹಡಿ ಮೇಲೆ ಒಂದು ರೂಮು, ಒಂದು ಕೂಲರ್.

ಹೋದ ವಾರ ಒಬ್ಬ ಸಾಹುಕಾರರು ಕರೆಸಿದರು. ಚಹಾ ಕೊಟ್ಟು ಒಂದು "ಸಣ್ಣ ಬದಲಾವಣೆ" ಕೇಳಿದರು. ಈಗ ಚೀಲದ ತೂಕ ಕಾಂಟಾದಿಂದ (ತೂಕದ ಯಂತ್ರದಿಂದ) ನೇರವಾಗಿ ಕಂಪ್ಯೂಟರ್‌ಗೆ ಬರುತ್ತದೆ, 50.74 ಕಿಲೋ ಅಂದರೆ 50.74. ಇನ್ನು ಮೇಲೆ ಪ್ರತಿ ಚೀಲಕ್ಕೂ ಪಾಯಿಂಟಿನ ನಂತರದ್ದು ತೆಗೆದುಬಿಡಿ ಅಂದರು. 50 ಅಂತ ಬರಲಿ. ರೈತರಿಗೆ ಕೊಡುವ ಪಟ್ಟಿಯಲ್ಲಿ ಬರೀ 50 ಕಾಣಲಿ.

ಆಗಲ್ಲ ಅಂದೆ. ಅವರೇನೂ ಸಿಟ್ಟಾಗಲಿಲ್ಲ. ನಗುತ್ತಲೇ, "ತಮ್ಮಾ, ನೀ ಇನ್ನೂ ಪ್ರೊಫೆಷನಲ್ ಆಗಿಲ್ಲ ನೋಡು. ರೊಕ್ಕ ಕೊಡೋರು ಹೇಳಿದ್ದು ಮಾಡೋದು ಪ್ರೊಫೆಷನಲ್" ಅಂದರು. ಆ ಮಾತು ತಲೆಯಲ್ಲೇ ಕೂತುಬಿಟ್ಟಿದೆ. ಮನೆಯಲ್ಲಿ ಹೇಳಿದರೆ ಅಪ್ಪನೂ "ನಿಂದೇನು ಹೋಗ್ತದ?" ಅಂತಾರೆ. ಅಪ್ಪ ಸ್ವತಃ ತೊಗರಿ ಬೆಳೆದವರು! ನೀವು ಏನಂತೀರಿ?

ಬಿಸಿಲೂರ ಹುಡುಗ:
ಮೊದಲು ಹಳೇ ಬಾಕಿ ವಸೂಲಿ ಮಾಡಿಕೊಳ್ಳಿ ಅಣ್ಣಾ. ಆಮೇಲೆ ಆದರ್ಶ.

ತೊಗರಿ ಲೆಕ್ಕ:
"ಸಣ್ಣ ಬದಲಾವಣೆ"ಯ ಲೆಕ್ಕ ಹಾಕೋಣ ಬನ್ನಿ. ಪಾಯಿಂಟಿನ ನಂತರದ್ದು ತೆಗೆದರೆ ಒಂದೊಂದು ಚೀಲಕ್ಕೆ ಸರಾಸರಿ ಅರ್ಧ ಕಿಲೋ ಹೋಯಿತು. ಕೆಲವಕ್ಕೆ 10 ಗ್ರಾಂ, ಕೆಲವಕ್ಕೆ 900 ಗ್ರಾಂ, ಒಟ್ಟು ಸೇರಿ ಅರ್ಧದ ಹತ್ತಿರ ಬರುತ್ತದೆ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅಂದರೆ ಕಿಲೋಗೆ 80, ಅರ್ಧ ಕಿಲೋಗೆ 40. ನಲವತ್ತು ಚೀಲ ತಂದ ರೈತನಿಗೆ 1,600 ರೂಪಾಯಿ ಕಡಿಮೆ. ದಿನಕ್ಕೆ 500 ಚೀಲ ಇಳಿಯುವ ಅಂಗಡಿಗೆ ಕೂತಲ್ಲೇ 20,000. ಸೀಸನ್ ಎರಡು ತಿಂಗಳು ನಡೆಯುತ್ತದೆ, ಮುಂದಿನ ಗುಣಾಕಾರ ನೀವೇ ಮಾಡಿಕೊಳ್ಳಿ. ಇಷ್ಟಕ್ಕೆ ಸಾಹುಕಾರರು ಕೊಟ್ಟಿದ್ದು ಒಂದು ಕಪ್ ಚಹಾ!

ಅಡತಿ ಮನೆ ಹುಡುಗ:
ಒಂದು ನಿಮಿಷ. ನಮ್ಮದೂ ಅಡತಿ ಅಂಗಡಿಯೇ. ಒಬ್ಬರು ಕೇಳಿದರು ಅಂತ ಇಡೀ ಗಂಜ್ ಕಳ್ಳರ ಸಂತೆ ಅನ್ನಬೇಡಿ. ರೈತನ ಮಗಳ ಮದುವೆಗೆ, ದವಾಖಾನೆಗೆ ರಾತ್ರಿ ಹನ್ನೊಂದಕ್ಕೆ ರೊಕ್ಕ ಕೊಡುವವರೂ ಅಡತಿಯವರೇ. ಮತ್ತೆ ಚೀಲದಲ್ಲಿ ಮಣ್ಣು, ಹಸಿ ಕಾಳು, ಚೀಲದ ತೂಕ ಎಲ್ಲಾ ಇರುತ್ತದಲ್ಲ, ಅದನ್ನು ಯಾರು ಕಳೆಯಬೇಕು?

ತೊಗರಿ ಲೆಕ್ಕ:
ಕಳೆಯಿರಿ, ಯಾರು ಬೇಡ ಅಂದರು? ಪಟ್ಟಿಯಲ್ಲಿ ಒಂದು ಸಾಲು ಬರೆದು ಕಳೆಯಿರಿ. "ಚೀಲದ ತೂಕ ಇಷ್ಟು, ಹಸಿ ಇಷ್ಟು." ರೈತ ಜಗಳ ಆಡುತ್ತಾನೆ, ಆಡಲಿ. ಇಲ್ಲಿ ಕೇಳಿರುವುದು ಜಗಳಕ್ಕೂ ಜಾಗ ಸಿಗದ ಹಾಗೆ ಕಳೆಯುವುದು.

ಅಡತಿ ಮನೆ ಹುಡುಗ:
ಆ ಮಾತು ಒಪ್ಪಿದೆ.

ವಾಪಸ್ ಬಂದವಳು:
ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಈಗ ಕಲಬುರಗಿ ಮನೆಯಿಂದಲೇ ಮಾಡುತ್ತಿದ್ದೇನೆ. ನಿಮ್ಮ ಸಾಹುಕಾರರ ಮಾತು ಕೇಳಿ ನನಗೆ ಫೋಕ್ಸ್‌ವ್ಯಾಗನ್ ನೆನಪಾಯಿತು. ಡೀಸೆಲ್ ಕಾರು ಹೊಗೆ ಪರೀಕ್ಷೆಯಲ್ಲಿದೆ ಅಂತ ಸಾಫ್ಟ್‌ವೇರ್ ತಾನೇ ಗುರುತು ಹಿಡಿಯುತ್ತಿತ್ತು. ಆಗ ಮಾತ್ರ ಕಾರು ಸಾಧು. ರಸ್ತೆಗೆ ಇಳಿದ ಮೇಲೆ ಅದರ ಬುದ್ಧಿಯೇ ಬೇರೆ. 2015ರಲ್ಲಿ ಸಿಕ್ಕಿಬಿತ್ತು, ಜಗತ್ತಿನಾದ್ಯಂತ 1.1 ಕೋಟಿ ಕಾರು. ಜೇಮ್ಸ್ ಲಿಯಾಂಗ್ ಅನ್ನುವ ಎಂಜಿನಿಯರ್‌ಗೆ 2017ರಲ್ಲಿ ಅಮೆರಿಕದ ಕೋರ್ಟು 40 ತಿಂಗಳ ಜೈಲು, 2 ಲಕ್ಷ ಡಾಲರ್ ದಂಡ ಹಾಕಿತು. ಆತ ಕಂಪನಿಯ ಮಾಲೀಕ ಅಲ್ಲ. ನಮ್ಮ ನಿಮ್ಮ ಹಾಗೆ ಸಂಬಳದವನು. ಮೇಲಿನವರು ಮಾಡು ಅಂದರು ಅನ್ನೋದು ಅವನನ್ನು ಉಳಿಸಲಿಲ್ಲ.

ಹಾಗಾಗಿ ಅಪ್ಪನಿಗೆ ಹೇಳಿ, "ನಿಂದೇನು ಹೋಗ್ತದ" ಅಂದರೆ 40 ತಿಂಗಳು ಹೋಗಬಹುದು ಅಂತ.

ಬಿಸಿಲೂರ ಹುಡುಗ:
ಅಕ್ಕಾ, ಅದು ಅಮೆರಿಕ. ಇಲ್ಲಿ ಗಂಜ್‌ನಲ್ಲಿ ಯಾರು ಬಂದು ಕೋಡ್ ಓದುತ್ತಾರೆ?

ಕರಿ ಕೋಟು:
ಓದಬೇಕಾಗಿಲ್ಲ. ಒಬ್ಬ ರೈತ ಹೊರಗಿನ ಕಾಂಟಾದಲ್ಲಿ ತೂಗಿಸಿಕೊಂಡು ಬಂದು ಪಟ್ಟಿ ಹಿಡಿದು ದೂರು ಕೊಟ್ಟರೆ ಸಾಕು. ಭಾರತೀಯ ನ್ಯಾಯ ಸಂಹಿತೆಯಲ್ಲಿ 318ನೇ ಕಲಂ ವಂಚನೆಯದ್ದು, ಹಳೆಯ 420 ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ತೂಕ-ಅಳತೆಗೆ 2009ರ ಕಾನೂನು ಬೇರೆ ಇದೆ. ಗೊತ್ತಿದ್ದೂ ಬರೆದುಕೊಟ್ಟವನನ್ನು "ಪಾಪ, ಕಂಪ್ಯೂಟರ್ ಹುಡುಗ" ಅಂತ ಯಾರೂ ಬಿಡುವುದಿಲ್ಲ. ವಾಟ್ಸಾಪ್‌ನಲ್ಲಿ ಅವರು ಕೇಳಿದ ಮೆಸೇಜ್ ಇದ್ದರೆ ಅಳಿಸಬೇಡಿ.

ಗಂಜಿನ ಕೋಡುಗಾರ:
ಮೆಸೇಜ್ ಎಲ್ಲಿಯದು ಸರ್. ಇಂಥದ್ದನ್ನೆಲ್ಲ ಚಹಾ ಕುಡಿಸಿ ಬಾಯಲ್ಲೇ ಹೇಳುವುದು.

ಕರಿ ಕೋಟು:
ಹಾಗಿದ್ದರೆ ನೀವೇ ಒಂದು ಮೆಸೇಜ್ ಹಾಕಿ. "ನೀವು ಮೊನ್ನೆ ಹೇಳಿದ ತೂಕದ ಬದಲಾವಣೆ ಮಾಡಲು ಆಗುವುದಿಲ್ಲ" ಅಂತ, ತಾರೀಖು ಸಮೇತ. ಜಗಳದ ಭಾಷೆ ಬೇಡ.

ಮೇಷ್ಟ್ರು:
ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೂಲ ತೊಂದರೆ ಬೇರೆಯೇ ಇದೆ. ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ 1949ರ ಕಾನೂನು ಇದೆ, ವಕೀಲರಿಗೆ 1961ರದ್ದು, ಆರ್ಕಿಟೆಕ್ಟ್‌ಗಳಿಗೆ 1972ರದ್ದು. ತಪ್ಪು ಮಾಡಿದರೆ ಹೆಸರು ತೆಗೆದುಹಾಕುವ ಮಂಡಳಿ ಇದೆ. ಸಾಫ್ಟ್‌ವೇರ್ ಬರೆಯುವವರಿಗೆ ಏನೂ ಇಲ್ಲ. ಮೂರು ತಿಂಗಳ ಕೋರ್ಸ್ ಮಾಡಿದವನೂ ಎಂಜಿನಿಯರ್, ನಾನೂ ಎಂಜಿನಿಯರ್. ಲೈಸೆನ್ಸ್ ಇದ್ದಿದ್ದರೆ ಈ ಹುಡುಗ, "ಸಾಹುಕಾರ್ರೇ, ನನ್ನ ಲೈಸೆನ್ಸ್ ಹೋಗುತ್ತದೆ" ಅಂದು ಎದ್ದು ಬರಬಹುದಿತ್ತು.

ಎಸಿಎಂ ಅನ್ನುವ ಕಂಪ್ಯೂಟರ್ ತಜ್ಞರ ಸಂಘ 2018ರಲ್ಲಿ ತನ್ನ ನೀತಿ ಸಂಹಿತೆಯನ್ನು ಹೊಸದಾಗಿ ಬರೆಯಿತು. ಹಾನಿ ಮಾಡಬೇಡ, ಪ್ರಾಮಾಣಿಕವಾಗಿರು ಅನ್ನುವುದೆಲ್ಲ ಅದರ ಮೊದಲ ಭಾಗದಲ್ಲೇ ಇದೆ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಕೇಳುತ್ತೇವೆ, ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ಮುಗಿಯಿತು.

ವಾಪಸ್ ಬಂದವಳು:
ಲೈಸೆನ್ಸ್ ಪ್ರಯೋಗ ಆಗಿಹೋಗಿದೆ ಸರ್. ಅಮೆರಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಅಂತಲೇ 2013ರಲ್ಲಿ ಲೈಸೆನ್ಸ್ ಪರೀಕ್ಷೆ ಶುರುವಾಯಿತು. 2019ರಲ್ಲಿ ನಿಂತೇಹೋಯಿತು. ಐದು ಸಲ ನಡೆದ ಪರೀಕ್ಷೆಗೆ ಕೂತವರು ಒಟ್ಟು 81 ಜನ. ನಮ್ಮೂರಿನ ಒಂದು ಟ್ಯೂಷನ್ ಕ್ಲಾಸಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತಾರೆ.

ಮೇಷ್ಟ್ರು:
ಪರೀಕ್ಷೆ ಕಡ್ಡಾಯ ಇರಲಿಲ್ಲ, ಅದಕ್ಕೇ ಬರಲಿಲ್ಲ. ಕಡ್ಡಾಯ ಮಾಡಿದ್ದರೆ ಬರುತ್ತಿದ್ದರು.

ಡಿಗ್ರಿ ಇಲ್ಲದವ:
ಕಡ್ಡಾಯ ಮಾಡಿದರೆ ನಾನು ಮನೆಗೆ. ನಾನು ಬಿ.ಎ., ಕೋಡ್ ಕಲಿತಿದ್ದು ಯೂಟ್ಯೂಬ್ ನೋಡಿ. ಐದು ವರ್ಷದಿಂದ ಒಬ್ಬ ಗಿರಾಕಿಗೂ ಮೋಸ ಮಾಡಿಲ್ಲ. ಲೈಸೆನ್ಸ್ ಇದ್ದವರೆಲ್ಲ ಸಾಚಾ ಅನ್ನೋದಾದರೆ ದವಾಖಾನೆ ಬಿಲ್ಲು ನೋಡಿ ಯಾರೂ ಎದೆ ಹಿಡಿದುಕೊಳ್ಳುತ್ತಿರಲಿಲ್ಲ.

ಬಿಸಿಲೂರ ಹುಡುಗ:
ಹೊಡೆದ್ರಿ ಸಿಕ್ಸರ್!

ಆಳಂದ ನಾಕಾ:
ಪ್ರೊಫೆಷನಲ್ ಅನ್ನುವ ಪದದ ಮೇಲೇ ನನಗೆ ಸಿಟ್ಟಿದೆ. ಮೊದಲ ನೌಕರಿಯಲ್ಲಿ, ಊರು-ಕಂಪನಿ ಹೆಸರು ಬೇಡ, ಮ್ಯಾನೇಜರ್ ಒಬ್ಬರು ಮೂಲೆಗೆ ಕರೆದುಕೊಂಡು ಹೋಗಿ ಹೇಳಿದರು: "ಕಾಲ್‌ನಲ್ಲಿ ಇದ್ದಾಗ ಹೌದ್ರಿ, ಹೌದ್ರಿ ಅನ್ನಬೇಡ, ಅನ್‌ಪ್ರೊಫೆಷನಲ್ ಅನ್ನಿಸುತ್ತೆ." ನಾನು ಪಕ್ಕದವನ ಜೊತೆ ಮಾತಾಡುತ್ತಿದ್ದೆ, ಮೈಕ್ ಆಫ್ ಮಾಡೋದು ಮರೆತಿದ್ದೆ, ಅಷ್ಟೇ. ಅದೇ ಮ್ಯಾನೇಜರ್ ಎರಡು ವಾರದ ಕೆಲಸಕ್ಕೆ ಐದು ವಾರ ಅಂತ ಗಿರಾಕಿಗೆ ಬಿಲ್ ಹಾಕುತ್ತಿದ್ದರು. ನಮ್ಮ ಕೈಯಲ್ಲೇ ಟೈಮ್‌ಶೀಟ್ ತುಂಬಿಸುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಚೊಕ್ಕ ಇಂಗ್ಲಿಷ್. ಅದು ಪ್ರೊಫೆಷನಲ್. ನನ್ನ "ಹೌದ್ರಿ" ಅಲ್ಲ!

ಶರಣರ ಓಣಿ:
ಟೈಮ್‌ಶೀಟ್ ವಿಷಯಕ್ಕೆ ನಮ್ಮ ಆಯ್ದಕ್ಕಿ ಲಕ್ಕಮ್ಮನ ಕಥೆ ಸಾಕು. ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದುಕೊಂಡು ಬಂದಾಗ, ಇಷ್ಟು ನಮಗೆ ಬೇಡ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಅವರಿದ್ದ ಕಲ್ಯಾಣ ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲೇ ಇದೆ. ನಾವು ನೀತಿ ಪಾಠಕ್ಕೆ ಅಮೆರಿಕಕ್ಕೆ ಹೋಗುತ್ತಿದ್ದೇವೆ.

ಆಳಂದ ನಾಕಾ:
ಕಥೆ ಚೆಂದ ಇದೆ, ಆದರೆ ಹುಷಾರು. ನಮ್ಮ ಹಳೇ ಆಫೀಸಿನಲ್ಲಿ ಗೋಡೆ ಮೇಲೆ "ಕಾಯಕ" ಅಂತ ದೊಡ್ಡದಾಗಿ ಬರೆಸಿದ್ದರು. ಶನಿವಾರ ರಾತ್ರಿ ಹತ್ತರವರೆಗೆ ಕೂರಿಸಿ ಓವರ್‌ಟೈಮ್ ಕೊಡದೆ ಕಳಿಸಲು ಆ ಗೋಡೆಯೇ ಸಾಕಾಗುತ್ತಿತ್ತು. ಅಕ್ಕಿ ಸುರಿದು ಬರಬೇಕಾದವರು ನಾವೊಬ್ಬರೇನಾ? ಮಾಲೀಕರಿಗೂ ಲಕ್ಕಮ್ಮನನ್ನು ಕಳಿಸಿ.

ಬೀದರ ಕೋಟೆ:
ಸ್ವಲ್ಪ ವಿಷಯ ಬಿಟ್ಟು ಹೋಗುತ್ತೇನೆ, ಬೈಯಬೇಡಿ. ನಮ್ಮ ಓಣಿಯಲ್ಲಿ ಬಿದ್ರಿ ಕೆಲಸದ ಒಬ್ಬ ಚಾಚಾ ಇದ್ದರು. ಸತು-ತಾಮ್ರದ ಹೂಜಿಯ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಆಮೇಲೆ ಕೋಟೆ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಲ್ಲಿ ಅದ್ದಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಗೆರೆ ಎಷ್ಟು ಆಳ ಇದೆ ಅಂತ ಕೊಳ್ಳುವವರಿಗೆ ಕಾಣುವುದಿಲ್ಲ. ಮೇಲೆ ಬೆಳ್ಳಿ ಕೂತಿರುತ್ತದಲ್ಲ! ಹುಡುಗರು ಅವಸರದಲ್ಲಿ ತೆಳ್ಳಗೆ ಕೊರೆದಿದ್ದರೆ ಚಾಚಾ ಉಗುರಿನಲ್ಲೇ ತಡವಿ ಕಂಡುಹಿಡಿದು ತಂತಿ ಕಿತ್ತು ಬಿಸಾಕುತ್ತಿದ್ದರು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡುವ ನಮ್ಮ ಕೋಡ್ ರಿವ್ಯೂನಲ್ಲಿ ಆ ಉಗುರು ಇಲ್ಲ. "ಚೆನ್ನಾಗಿದೆ" ಅಂತ ಹೆಬ್ಬೆರಳು ಒತ್ತಿ ಊಟಕ್ಕೆ ಹೋಗುತ್ತೇವೆ.

ಬಿಸಿಲೂರ ಹುಡುಗ:
ಊಟ ಅಂದಿದ್ದಕ್ಕೆ ಕೇಳುತ್ತೇನೆ, ಗಂಜ್ ಹತ್ತಿರ ಬೆಳಿಗ್ಗೆ ಒಳ್ಳೆ ಸುಸಲಾ-ಮಿರ್ಚಿ ಎಲ್ಲಿ?

ಅಡತಿ ಮನೆ ಹುಡುಗ:
ನಮ್ಮ ಅಂಗಡಿಗೆ ಬಾ, ತರಿಸುತ್ತೇನೆ. ತೂಕದಲ್ಲಿ ಮೋಸ ಇಲ್ಲ.

ಪಾಯಿಂಟ್ ಮೂರು:
ರೌಂಡಿಂಗ್ ಬಗ್ಗೆ ಒಂದು ಹಳೇ ಘಟನೆ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ ಒಂದು ಸೂಚ್ಯಂಕ ಶುರು ಮಾಡಿತು, 1000ದಿಂದ. ಪ್ರತಿ ವ್ಯವಹಾರ ಆದ ಮೇಲೂ ಕಂಪ್ಯೂಟರ್ ಅದನ್ನು ಮತ್ತೆ ಲೆಕ್ಕ ಹಾಕುತ್ತಿತ್ತು. ಮೂರು ದಶಮಾಂಶದ ನಂತರದ್ದನ್ನು ಸುಮ್ನೆ ಕತ್ತರಿಸುತ್ತಿತ್ತು. ಸರಿಯಾಗಿ ರೌಂಡ್ ಮಾಡುತ್ತಿರಲಿಲ್ಲ. ಪೇಟೆ ಚೆನ್ನಾಗಿ ನಡೆಯುತ್ತಿದ್ದರೂ 22 ತಿಂಗಳಲ್ಲಿ ಸೂಚ್ಯಂಕ 524ಕ್ಕೆ ಇಳಿದಿತ್ತು. ತಪ್ಪು ಗೊತ್ತಾಗಿ ಸರಿ ಮಾಡಿದಾಗ ಬಂದಿದ್ದು 1098. ಅರ್ಧಕ್ಕರ್ಧ ಮಾಯ! ಅದೂ ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕ ಚೂರುಗಳಿಂದ. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ನಿಮ್ಮ ಸಾಹುಕಾರರಿಗೆ ಅದೂ ಇದೆ.

ಸ್ಟೇಷನ್ ಬಜಾರ್:
ಎಲ್ಲರೂ ದೊಡ್ಡ ದೊಡ್ಡ ಮಾತಾಡಿದಿರಿ. ನಾನು ಸ್ವಲ್ಪ ಕಹಿ ಹೇಳುತ್ತೇನೆ. ಈತ ಮಾಡದಿದ್ದರೆ ಸೂಪರ್ ಮಾರ್ಕೆಟ್ ಕಡೆಯ ಯಾವನೋ ಹುಡುಗ ಎರಡು ಸಾವಿರಕ್ಕೆ ಮಾಡಿಕೊಡುತ್ತಾನೆ. ರೈತನಿಗೆ ಏನೂ ಉಳಿಯಲಿಲ್ಲ, ಈತನ ಗಿರಾಕಿ ಹೋಯಿತು. ಹಾಗಾದರೆ ಲಾಭ ಯಾರಿಗೆ?

ವಾಪಸ್ ಬಂದವಳು:
ಹಾಗಂತ ಎಲ್ಲರೂ ಅಂದುಕೊಳ್ಳುವುದಕ್ಕೇ ಆ ಹುಡುಗನ ರೇಟು ಎರಡು ಸಾವಿರ ಇದೆ. ನಾಲ್ಕು ಜನ ಒಲ್ಲೆ ಅಂದರೆ ಇಪ್ಪತ್ತು ಸಾವಿರ ಆಗುತ್ತದೆ.

ಇನ್ನೊಂದು ಮಾತು. ಪಟ್ಟಿ ಕೈಯಲ್ಲಿ ಬರೆದಿದ್ದರೆ ರೈತ "ಇದು ತಪ್ಪು" ಅನ್ನುತ್ತಾನೆ. ಪ್ರಿಂಟ್ ಬಂದರೆ ಬಾಯಿ ಮುಚ್ಚುತ್ತಾನೆ, "ಕಂಪ್ಯೂಟರ್ ಹೇಳ್ತದ" ಅಂತ. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಆಗಿದ್ದು ಇದೇ. ಹೊರೈಜನ್ ಅನ್ನುವ ಸಾಫ್ಟ್‌ವೇರ್ ಲೆಕ್ಕ ತಪ್ಪು ತೋರಿಸಿತು. ರೊಕ್ಕ ಕದ್ದಿದ್ದೀರಿ ಅಂತ 1999ರಿಂದ 2015ರೊಳಗೆ 900ಕ್ಕೂ ಜಾಸ್ತಿ ಸಣ್ಣ ಅಂಚೆ ಕಚೇರಿಯವರಿಗೆ ಶಿಕ್ಷೆ ಆಯಿತು. ಕೆಲವರು ಜೈಲಿಗೆ ಹೋದರು, ಮನೆ ಮಾರಿದರು. ಸಾಫ್ಟ್‌ವೇರ್‌ನಲ್ಲಿ ದೋಷ ಇದೆ ಅಂತ ಒಳಗಿನವರಿಗೆ ಗೊತ್ತಿತ್ತು. ಆ ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡುವ ಕಾನೂನು ಬಂದಿದ್ದು 2024ರಲ್ಲಿ. ಜನ ನಮ್ಮ ಚೀಟಿಯನ್ನು ನಂಬುತ್ತಾರೆ. ಆ ನಂಬಿಕೆಯನ್ನೇ ನಿಮ್ಮ ಸಾಹುಕಾರರು ಬಾಡಿಗೆಗೆ ಕೇಳುತ್ತಿದ್ದಾರೆ.

ಅಡತಿ ಮನೆ ಹುಡುಗ:
ಎಲ್ಲಾ ಸರಿ. ಪ್ರಶ್ನೆ ಕೇಳಿದವರಿಗೆ ನಾನೊಂದು ಪ್ರಶ್ನೆ ಕೇಳಲಾ? ಜನವರಿಯಲ್ಲಿ ಒಂದು ಸೋಮವಾರ ಗಂಜ್‌ನಲ್ಲಿ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಎರಡೂವರೆ ತಾಸು ಬಂದ್ ಆಗಿತ್ತು. ನಾಲ್ಕೈದು ಅಂಗಡಿಯವರು ಕೈಯಲ್ಲಿ ಪಟ್ಟಿ ಬರೆದರು, ಲಾರಿಗಳು ರಸ್ತೆವರೆಗೆ ನಿಂತಿದ್ದವು. ಅದು ನಿಮ್ಮದಾ?

ಬಿಸಿಲೂರ ಹುಡುಗ:
ಈಗ ಬಂತು ನೋಡಿ ಮಜಾ.

ಗಂಜಿನ ಕೋಡುಗಾರ:
ನಮ್ಮದೇ.

ಆವತ್ತು ಬೆಳಿಗ್ಗೆ ಒಂಬತ್ತಕ್ಕೆ ಹೊಸ ವರ್ಷನ್ ಹಾಕಿದೆ. ಒಂದೇ ಸಾಲಿನ ಬದಲಾವಣೆ, ಏನಾಗುತ್ತದೆ ಅಂದುಕೊಂಡೆ. ಕಾಂಟಾದಿಂದ ತೂಕ ಬರುವುದೇ ನಿಂತುಹೋಯಿತು. ಹಳೇ ವರ್ಷನ್ ವಾಪಸ್ ಹಾಕೋಣ ಅಂದರೆ ಅದು ನನ್ನ ಮನೆಯ ಲ್ಯಾಪ್‌ಟಾಪ್‌ನಲ್ಲಿತ್ತು. ಮನೆಯಲ್ಲಿ ಕರೆಂಟ್ ಇಲ್ಲ, ಲ್ಯಾಪ್‌ಟಾಪ್ ಚಾರ್ಜ್ ಇಲ್ಲ. ಸಾಹುಕಾರರು ಫೋನ್ ಮಾಡಿದರೆ "ನೆಟ್ ಪ್ರಾಬ್ಲಮ್" ಅಂದೆ. ಸುಳ್ಳು ಹೇಳಿದೆ. ಅವರು ಮೊನ್ನೆ ಚಹಾ ಕೊಟ್ಟಾಗ ಅದನ್ನೂ ತೆಗೆದರು. "ಆವತ್ತು ನಿನ್ನಿಂದ ನನಗೆ ಎಷ್ಟು ಲುಕ್ಸಾನ್ ಆಯ್ತು ಗೊತ್ತಾ? ಈಗ ಇಷ್ಟು ಮಾಡಿಕೊಡು" ಅಂತ. ಅದನ್ನು ಮೊದಲ ಪೋಸ್ಟ್‌ನಲ್ಲಿ ಬರೆಯಲಿಲ್ಲ. ನಾಚಿಕೆ ಆಯಿತು.

ತೊಗರಿ ಲೆಕ್ಕ:
ಹ್ಞಾಂ! ಅಂದರೆ ಚಹಾ ಬರೀ ಚಹಾ ಅಲ್ಲ, ಹಳೇ ಸಾಲ.

ವಾಪಸ್ ಬಂದವಳು:
ಹೇಳಿದ್ದು ಒಳ್ಳೆಯದಾಯಿತು ತಮ್ಮಾ. ಇಂಥದ್ದನ್ನು ಬಹಳ ಜನ ಹೇಳುವುದೇ ಇಲ್ಲ. ಸೀಸನ್‌ನಲ್ಲಿ ಮಾರ್ಕೆಟ್ ತೆರೆಯುವ ಹೊತ್ತಿಗೆ ಅಪ್‌ಡೇಟ್ ಹಾಕುವುದು, ಮದುವೆ ಊಟಕ್ಕೆ ಜನ ಕೂತ ಮೇಲೆ ಒಲೆ ಬದಲಿಸಿದ ಹಾಗೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿ ಒಂದೇ ಒಂದು ಕೆಟ್ಟ ಅಪ್‌ಡೇಟ್ ಕಳಿಸಿ 85 ಲಕ್ಷ ವಿಂಡೋಸ್ ಮಷೀನ್ ಕೆಡವಿತು. ವಿಮಾನ ನಿಂತವು. ಕೆಲವು ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು, ನಿಮ್ಮ ಗಂಜ್‌ನ ಪಟ್ಟಿ ಥರಾನೇ. ಹಾಗಾಗಿ ನೀವೊಬ್ಬರೇ ಅಲ್ಲ. ಆದರೆ ಹಳೇ ವರ್ಷನ್ ಮನೆಯಲ್ಲಿ ಇಟ್ಟಿದ್ದಕ್ಕೆ ಕ್ಷಮೆ ಇಲ್ಲ.

ಸ್ಟೇಷನ್ ಬಜಾರ್:
"ನೆಟ್ ಪ್ರಾಬ್ಲಮ್" ಅನ್ನೋದು ನಮ್ಮ ಇಡೀ ಉದ್ಯಮದ ಕುಲದೇವರು. ನಾನೂ ದಿನಾ ಕೈ ಮುಗಿಯುತ್ತೇನೆ.

ಡಿಗ್ರಿ ಇಲ್ಲದವ:
ಕೋಡ್ ಇಟ್ಟುಕೊಳ್ಳಲು ಜಾಗ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಕಥೆ ಕೇಳಿದ್ದೀರಾ? 2017ರ ಜನವರಿ 31ರ ರಾತ್ರಿ ಅವರ ಒಬ್ಬ ಎಂಜಿನಿಯರ್ ಸುಸ್ತಾಗಿದ್ದಾಗ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟ. ಬ್ಯಾಕಪ್ ನೋಡಿದರೆ ಒಂದೂ ನೆಟ್ಟಗಿಲ್ಲ. ಕೊನೆಗೆ ಬೇರೆ ಕೆಲಸಕ್ಕೆ ಅಂತ ಆರು ತಾಸು ಮುಂಚೆ ತೆಗೆದಿಟ್ಟ ಒಂದು ಪ್ರತಿ ಕಾಪಾಡಿತು. ಆ ಆರು ತಾಸಿನ ಡೇಟಾ ಹೋಯಿತು. ಆದರೆ ಅವರು ಮುಚ್ಚಿಡಲಿಲ್ಲ. ಏನಾಯಿತು, ಏನು ಮಾಡುತ್ತಿದ್ದೇವೆ ಅಂತ ಎಲ್ಲರೂ ಓದುವ ಹಾಗೆ ಬರೆದರು, ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದರು! ಅದನ್ನು ಓದಿದ ದಿನವೇ ನಾನು ನನ್ನ ಬ್ಯಾಕಪ್ ತೆರೆದು ನೋಡಿದೆ. ನಾಲ್ಕು ತಿಂಗಳಿಂದ ಖಾಲಿ ಫೈಲ್ ಉಳಿಸುತ್ತಿತ್ತು. ಬೆವರು ಬಂತು, ಅದೂ ಡಿಸೆಂಬರ್‌ನಲ್ಲಿ.

ಮೇಷ್ಟ್ರು:
ಹುಡುಗ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಜನವರಿಯ ಸುಳ್ಳಿನ ಹಂಗು ಇರುವುದಕ್ಕೇ ಈಗ ಗಟ್ಟಿಯಾಗಿ ಇಲ್ಲ ಅನ್ನಲು ಆಗುತ್ತಿಲ್ಲ. ಮೊದಲು ಅದನ್ನು ಕಳಚಿಕೊಳ್ಳಬೇಕು. ಸಾಹುಕಾರರ ಹತ್ತಿರ ಹೋಗಿ, "ಆವತ್ತು ನೆಟ್ ಅಲ್ಲ, ನನ್ನ ತಪ್ಪು. ಆ ತಿಂಗಳ ಮೇಂಟೆನೆನ್ಸ್ ದುಡ್ಡು ಬೇಡ" ಅನ್ನಿ. ಆಮೇಲೆ ತೂಕದ ಮಾತು. ಎರಡನ್ನೂ ಬೇರೆ ಬೇರೆ ಮಾಡಿ.

ಬಿಸಿಲೂರ ಹುಡುಗ:
ಮೇಷ್ಟ್ರೇ, ಲೈಸೆನ್ಸ್ ವಿಷಯ ಬಿಟ್ಟು ಮೊದಲ ಸಲ ನಿಮ್ಮ ಮಾತು ಒಪ್ಪುತ್ತೇನೆ.

ಅಡತಿ ಮನೆ ಹುಡುಗ:
ಸಾಹುಕಾರರ ಕಡೆಯಿಂದ ಒಂದು ಉಪಾಯ. ತೂಕವನ್ನು ಎರಡು ದಶಮಾಂಶದವರೆಗೆ ಹಾಗೇ ಬಿಡಿ. ಕಳೆಯುವುದಕ್ಕೆ ಬೇರೆ ಕಾಲಂ ಮಾಡಿ, ಕಾರಣ ಬರೆಯದೆ ಮುಂದೆ ಹೋಗದ ಹಾಗೆ. ಕಾಂಟಾದಲ್ಲಿ ಬಂದ ತೂಕ, ಕಳೆದದ್ದು, ಉಳಿದದ್ದು, ಮೂರೂ ಪಟ್ಟಿಯಲ್ಲಿ ಬರಲಿ. ಖರೇನೇ ಹಸಿ ಇದ್ದರೆ ಅವರು ರೈತನ ಮುಂದೆ ಬರೆಯುತ್ತಾರೆ. ಇಲ್ಲದಿದ್ದರೆ ಬರೆಯಲು ಕೈ ಬರುವುದಿಲ್ಲ. ನಮ್ಮಪ್ಪ ಇಂಥದ್ದನ್ನು ತಗೊಳ್ಳುತ್ತಾರೆ ಅನ್ನಿಸುತ್ತದೆ. ಪಟ್ಟಿ ಸಾಫ್ ಇದ್ದರೆ ರೈತರು ಬೇರೆ ಅಂಗಡಿಗೆ ಹೋಗುವುದಿಲ್ಲ, ಅದು ಅವರ ಲೆಕ್ಕಾಚಾರ.

ಕರಿ ಕೋಟು:
ಯಾರು, ಯಾವಾಗ ಕಳೆದರು ಅನ್ನುವುದು ಕಂಪ್ಯೂಟರ್‌ನಲ್ಲಿ ಉಳಿಯಲಿ. ಅಳಿಸಲು ಆಗಬಾರದು. ಉಳಿದದ್ದು ನನ್ನ ಕೆಲಸ :)

ಗಂಜಿನ ಕೋಡುಗಾರ:
ಹೋಗಿ ಬಂದೆ.

ಜನವರಿ ವಿಷಯ ಮೊದಲು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ "ನನಗೆ ಅವತ್ತೇ ಗೊತ್ತಿತ್ತು. ಪಕ್ಕದ ಅಂಗಡಿಯಾಗ ನೆಟ್ ಇತ್ತಲ್ಲ" ಅಂದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆ ತಿಂಗಳ ದುಡ್ಡು ಬೇಡ ಅಂದಿದ್ದಕ್ಕೆ ಹ್ಞೂಂ ಅಂದರು, ಅದರಲ್ಲೇನೂ ದಾಕ್ಷಿಣ್ಯ ಮಾಡಲಿಲ್ಲ.

ಆಮೇಲೆ ಮೂರು ಕಾಲಂನ ಪಟ್ಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಕಾರಣ ಬರೀಲೇಬೇಕಾ?" ಅಂತ ಕೇಳಿದರು. ಬರೀಲೇಬೇಕು ಅಂದೆ. "ನೋಡೋಣ, ಅಮಾವಾಸ್ಯೆ ಆಗಲಿ" ಅಂದರು. ಬಿಡುತ್ತಾರೋ ಇಟ್ಟುಕೊಳ್ಳುತ್ತಾರೋ ಗೊತ್ತಿಲ್ಲ. ಹಳೇ ವರ್ಷನ್ ಈಗ ಪ್ರತಿ ಅಂಗಡಿಯ ಕಂಪ್ಯೂಟರ್‌ನಲ್ಲೂ ಇದೆ, ಅಪ್‌ಡೇಟ್ ಇನ್ನು ಮೇಲೆ ರಜೆ ದಿನ ಮಾತ್ರ. ಅಪ್ಪನಿಗೆ ಪಟ್ಟಿ ತೋರಿಸಿದೆ. "ಅಕ್ಷರ ಭಾಳ ಸಣ್ಣವು, ನಮಗ ಕಾಣಂಗಿಲ್ಲ" ಅಂದರು.

ಅಡತಿ ಮನೆ ಹುಡುಗ:
ಅಪ್ಪ ಹೇಳಿದ್ದು ಸರಿ ಇದೆ. ಯಾವ ಪ್ರಿಂಟರ್ ಅದು, ಎರಡು ಇಂಚಿನದಾ? ಮೂರು ಇಂಚಿನದ್ದು ತಗೊಳ್ಳಿ, ಮೂರು ಕಾಲಂ ದಪ್ಪ ಅಕ್ಷರದಲ್ಲೇ ಕೂರುತ್ತದೆ. ನಾಳೆ ಹತ್ತರೊಳಗೆ ಅಂಗಡಿಗೆ ಬನ್ನಿ, ನಮ್ಮಪ್ಪನಿಗೂ ತೋರಿಸೋಣ.

ಬಿಸಿಲೂರ ಹುಡುಗ:
ನಾನೂ ಬರುತ್ತೇನೆ. ಸುಸಲಾ ಇದೆ ಅಂದಿದ್ದರಲ್ಲ.